ಹಳ್ಳಕ್ಕೆ ಇಳಿಬಿಟ್ಟ ಪರದೆ

ಲೇಡೀಸ್ ಹಾಸ್ಟೆಲ್, ಮಂಗಳೂರು
12 ಡಿಸೆಂಬರ್ 1998

ಪ್ರೀತಿಯ ಅಶ್ವಿನಣ್ಣನಿಗೆ,

ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳಬೇಕು. "ಇನ್ನು ನಿನಗೆ ಒಂದು ಸಾಲೂ ಬರೆಯಲ್ಲ" ಎಂದು ಬಣಕಲ್ ಬಸ್‌ಸ್ಟಾಂಡಿನಲ್ಲಿ ಜನರೆದುರೇ ಕೂಗಿ ಬಸ್ಸು ಹತ್ತಿದವಳು ನಾನು. ಒಂಬತ್ತೇ ದಿನಕ್ಕೆ ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೆ ಹಾಸ್ಟೆಲ್ಲಿನ ಫೋನು ಇರುವುದು ವಾರ್ಡನ್ ಮೇಜಿನ ಮೇಲೆ. ಅವರು ಪೇಪರ್ ಓದುವ ಹಾಗೆ ಮಾಡುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ನಮ್ಮ ತೋಟದ ಹೊಲಸನ್ನು ಅವರೆದುರು ಬಾಯಿಬಿಟ್ಟು ಹೇಳಲು ನನಗೆ ಆಗುವುದಿಲ್ಲ.

ಹೊಲಸು ಎಂದೆ. ಸಿಟ್ಟು ಮಾಡಿಕೊಳ್ಳಬೇಡ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದು ನನ್ನ ಕನ್ನಡ ಅರ್ಧ ಇಂಗ್ಲಿಷಾಗಿದೆ, ಬೇರೆ ಪದ ತೋಚುವುದಿಲ್ಲ. ಅವತ್ತು ಬೆಳಿಗ್ಗೆ ನಮ್ಮನ್ನು ಎತ್ತಿ ಆಡಿಸಿದ ಹುಚ್ಚಮ್ಮನನ್ನು ನೋಡಲೆಂದು ಆಳುಗಳ ಲೈನುಮನೆಗಳಿಗೆ ಇಳಿಯುತ್ತಿದ್ದೆ. ದಾರಿಯಲ್ಲೇ ಗುಂಡಿ. ಹಳ್ಳ ಅಗಲವಾಗಿ ನಿಲ್ಲುವ ಜಾಗ, ಚಿಕ್ಕವರಿದ್ದಾಗ ನೀನು ಕಲ್ಲೇಡಿ ಹಿಡಿದು ನನ್ನ ಫ್ರಾಕಿಗೆ ಬಿಡುತ್ತಿದ್ದೆಯಲ್ಲ, ಅದೇ. ನೀರು ಕಪ್ಪಗೆ ಶಾಯಿಯ ಹಾಗಿತ್ತು. ಮೇಲೆ ಬೂದು ನೊರೆ, ನೊರೆಯಲ್ಲಿ ಸಿಕ್ಕಿಕೊಂಡ ಕಾಫಿಹಣ್ಣಿನ ಸಿಪ್ಪೆ, ಸಿಪ್ಪೆಯ ಮೇಲೆ ನೊಣ. ಕಲ್ಲುಗಳಿಗೆಲ್ಲ ಸಿಂಬಳದಂಥ ಲೋಳೆ. ಕಾಲು ಜಾರಿ ಅದರಲ್ಲೇ ಕೈಯೂರಿದೆ. ಸೋಪು ಹಾಕಿ ನಾಲ್ಕು ಸಲ ತಿಕ್ಕಿದರೂ ಊಟಕ್ಕೆ ಕೂತಾಗ ಬೆರಳಿನಿಂದ ಅದೇ ವಾಸನೆ. ಹುಳಿ ಬಂದ ಕಳ್ಳಿನಲ್ಲಿ ಇಲಿ ಸತ್ತು ಬಿದ್ದ ಹಾಗೆ. ಇಲ್ಲಿ ಮೆಸ್ಸಿನಲ್ಲಿ ಕಾಫಿ ಇಟ್ಟರೆ ಲೋಟವನ್ನು ದೂರ ಸರಿಸುತ್ತೇನೆ. ಕಾಫಿತೋಟದವಳು ಕಾಫಿ ಕುಡಿಯಲ್ಲವಂತೆ ಎಂದು ರೂಮಿನವರಿಗೆ ನಗು.

ಊಟದ ಹೊತ್ತಿನಲ್ಲಿ, ಅಮ್ಮನ ಎದುರು, ಇದೆಲ್ಲ ನಿನ್ನ ಹೊಸ ಪಲ್ಪರ್ ಮಾಡಿದ್ದು ಎಂದದ್ದು ತಪ್ಪಿರಬಹುದು. ಅಪ್ಪ ಇದ್ದಾಗ ಹಳೇ ಮಿಷನ್ ದಿನಕ್ಕೆ ಎರಡು ಗಂಟೆ ತಿರುಗಿದರೆ ಹೆಚ್ಚು. ಈಗ ಹಗಲೆಲ್ಲ ಹಣ್ಣು ಸುಲಿಯುತ್ತೀಯ. ಲೋಳೆ ತೊಳೆದ ಅಷ್ಟೂ ನೀರು ಹೊಂಡ ತುಂಬಿ ಹಳ್ಳಕ್ಕೆ ಉಕ್ಕುತ್ತದೆ. ಲೈನಿನವರಿಗೆ ಕುಡಿಯಲು ಮೇಲಿನ ಒರತೆಯಿಂದ ಟ್ರಾಕ್ಟರಿನಲ್ಲಿ ಡ್ರಮ್ಮು ತುಂಬಿ ಕಳಿಸುತ್ತಿದ್ದೀಯ, ಅದು ಒಳ್ಳೆಯದು, ಇಲ್ಲ ಎನ್ನುವುದಿಲ್ಲ. ಆದರೆ ಬಟ್ಟೆ ಪಾತ್ರೆ ಸ್ನಾನ ಎಲ್ಲ ಅದೇ ಗುಂಡಿಯಲ್ಲಿ. ಹುಚ್ಚಮ್ಮನ ಬೆರಳ ಸಂದಿಯೆಲ್ಲ ಒಡೆದು ಕೆಂಪಾಗಿದೆ. ಕೇಳಿದರೆ "ಸುಗ್ಗಿ ಮುಗುದ್ರೆ ತಾನೇ ಹೋತದೆ ಕಣ್ ಸಣ್ಣಮ್ಮ, ನೀವ್ ಊಟ ಮಾಡುದ್ರಾ?" ಎಂದಳು.

ಈಗ ವಿಷಯ. ನಮ್ಮ ಷಡಕ್ಷರಿ ಸರ್ ಹೋದ ವಾರ ಫಸ್ಟ್ ಇಯರಿನವರನ್ನು ಬಂದರಿಗೆ ಕರೆದೊಯ್ದಿದ್ದರು. ಅಲ್ಲಿ ಹಡಗಿನಿಂದ ಎಣ್ಣೆ ಸೋರಿದರೆ ಹರಡದಿರಲಿ ಎಂದು ನೀರಿನ ಮೇಲೆ ಕಿತ್ತಳೆ ಬಣ್ಣದ ಬೇಲಿ ತೇಲಿಬಿಟ್ಟಿದ್ದರು. ಇನ್ನೊಂದು ಕಡೆ ಹೂಳು ತೆಗೆಯುತ್ತಿದ್ದರು. ಅಲ್ಲಿ ಇರುವುದು ಮುಳುಗುವ ಬೇಲಿ. ಮೇಲೆ ತೇಲುವ ಬುರುಡೆಗಳು, ಅದರಿಂದ ಪರದೆಯ ಹಾಗೆ ದಪ್ಪ ಶೀಟು ತಳದವರೆಗೆ ಇಳಿಬಿದ್ದಿರುತ್ತದೆ, ಅಂಚಿಗೆ ಸರಪಳಿಯ ಭಾರ. ಕೆಸರೆಲ್ಲ ಈಚೆಗೇ ನಿಂತು ತಳಕ್ಕೆ ಇಳಿಯುತ್ತದೆ. ಸರ್ ಇನ್ನೂ ಸುಮಾರು ಹೇಳಿದರು, ಅದೆಲ್ಲ ನಿನಗೆ ಬೇಡ. ನಮ್ಮ ಗುಂಡಿಗೆ ಇವೆರಡನ್ನೂ ಹಾಕಬಹುದು ಎಂದು ನನಗೆ ಅನ್ನಿಸಿದೆ. ಡ್ರಾಯಿಂಗ್ ಜೊತೆಗಿಟ್ಟಿದ್ದೇನೆ. ಮೂರು ಸಲ ಬರೆದು ಹರಿದು ನಾಲ್ಕನೆಯದನ್ನು ಕಳಿಸುತ್ತಿದ್ದೇನೆ.

ನಗಬೇಡ. ಬೈದರೂ ಸರಿ, ಮಾಡು.

ನಿನ್ನ ತಂಗಿ,
ಕವನಾ

*

ಜಾವಳಿ
21 ಡಿಸೆಂಬರ್ 1998

ಇಂಜಿನಿಯರಮ್ಮನವರ ಸನ್ನಿಧಾನಕ್ಕೆ,

ಮಾರಾಯ್ತಿ, ನಿನ್ನ ಕಾಗದವನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಲು ಹೊರಟವನು ಸಿಂಬಳದ ಹತ್ತಿರ ಬಂದು ನಿಲ್ಲಿಸಿದೆ. ಅಮ್ಮ ರೊಟ್ಟಿ ತಟ್ಟುತ್ತಿದ್ದರು. "ಮುಂದೇನು ಬರ್ದಿದಾಳೋ?" ಅಂದರು. "ಚೆನ್ನಾಗಿ ಓದ್ತಿದಾಳಂತೆ" ಅಂದೆ.

ನಗಲಿಲ್ಲ, ಬೈಯಲೂ ಇಲ್ಲ. ನಿನ್ನ ಡ್ರಾಯಿಂಗ್ ಬಂದ ಗಳಿಗೆ ಚೆನ್ನಾಗಿತ್ತು ಅನ್ನಬೇಕು. ನೀನು ಹೋದ ವಾರವೇ ಕೆಳಗಿನ ಗದ್ದೆಯವರು ಅರ್ಜಿ ಕೊಟ್ಟು, ಆಫೀಸರ್ ಒಬ್ಬರು ಜೀಪಿನಲ್ಲಿ ಬಂದಿದ್ದರು. ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಗುಂಡಿ ಸುತ್ತ ಓಡಾಡಿದರು. "ಒಂದು ತಿಂಗಳಲ್ಲಿ ಏನಾದ್ರೂ ವ್ಯವಸ್ಥೆ ಮಾಡ್ಕೊಳ್ಳಿ ಗೌಡ್ರೇ, ಇಲ್ದಿದ್ರೆ ಪಲ್ಪರ್‌ಗೆ ಬೀಗ ಹಾಕ್ಬೇಕಾಗ್ತದೆ" ಎಂದು ಹೇಳಿ ಹೋದರು. ಗಿಡದ ತುಂಬ ಹಣ್ಣು ಕೆಂಪಾಗಿ ನಿಂತಿರುವಾಗ ಬೀಗ ಎಂದರೆ ಏನು ಗೊತ್ತಲ್ಲ? ಕುಯ್ದ ಹಣ್ಣು ಅವತ್ತೇ ಸುಲಿಯದಿದ್ದರೆ ರಾಶಿಯಲ್ಲೇ ಬೇಯುತ್ತದೆ.

ಹಾಗಾಗಿ ತೇಲುವ ಬೇಲಿಯನ್ನು ನಿನ್ನೆ ಹಾಕಿಸಿದೆ. ಅಡಿಗೆ ಎಣ್ಣೆಯ ಖಾಲಿ ಕ್ಯಾನು ಹದಿನಾರು, ಬಿದಿರು, ಕಣದ ಹಳೇ ಟಾರ್ಪಾಲು. ನಮ್ಮ ಮೇಸ್ತ್ರಿ ರೇವಣ್ಣ ದಡದ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು, "ಅಲ್ಲ ಗೌಡ್ರೇ, ಹಳ್ಳಕ್ಕೂ ಲಂಗೋಟಿ ಕಟ್ಟೋ ಕಾಲ ಬಂತಲ್ಲ" ಅಂದ. ಹೆಣ್ಣಾಳುಗಳು ಹಣ್ಣು ಕುಯ್ಯುವುದು ಬಿಟ್ಟು ನಗಲು ನಿಂತವು. ಆದರೆ ಸಂಜೆಗೆ ನೋಡಿದರೆ ನೊರೆ, ಸಿಪ್ಪೆ ಎಲ್ಲ ಬೇಲಿಯ ಆಚೆಗೇ ಕೆನೆ ಕಟ್ಟಿ ನಿಂತಿದೆ. ಈಚೆ ನೀರಿನಲ್ಲಿ ಆಕಾಶ ಕಂಡಿತು ಕಣೇ! ಎರಡು ವರ್ಷದ ಮೇಲೆ. ಕೆನೆಯನ್ನು ಇಬ್ಬರು ಬುಟ್ಟಿಯಲ್ಲಿ ಬಾಚಿ ಗೊಬ್ಬರದ ಗುಂಡಿಗೆ ಹಾಕುತ್ತಿದ್ದಾರೆ.

ಬಸ್‌ಸ್ಟಾಂಡಿನ ಮಾತು ನಾನೂ ಮರೆತೆ. ಕಾಫಿ ಕುಡಿ, ಹುಚ್ಚಿ. ನಮ್ಮ ಪುಡಿ ಕಳಿಸುತ್ತೇನೆ.

ಅಶ್ವಿನ್

*

ಹಾಸ್ಟೆಲ್, ಮಂಗಳೂರು
28 ಡಿಸೆಂಬರ್ 1998

ಪ್ರೀತಿಯ ಅಣ್ಣ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಎರಡು ಸಲ ಓದಿದೆ. ಆಮೇಲೆ ಷಡಕ್ಷರಿ ಸರ್ ರೂಮಿಗೆ ಓಡಿದೆ. ಇಡೀ ಸೆಮಿಸ್ಟರಿನಲ್ಲಿ ನಾನಾಗಿ ಹೋಗಿ ಮಾತಾಡಿದ್ದು ಇದೇ ಮೊದಲು. ಸರ್ ಮರುದಿನ ಕ್ಲಾಸಿನಲ್ಲಿ ನನ್ನನ್ನು ಎದ್ದು ನಿಲ್ಲಿಸಿ, "ಈ ಹುಡುಗಿ ಬಂದರಿನಲ್ಲಿ ನೋಡಿದ್ದನ್ನು ತನ್ನೂರಿನ ಹಳ್ಳದಲ್ಲಿ ಮಾಡಿಸಿದ್ದಾಳೆ" ಎಂದರು. ಹಿಂದಿನ ಬೆಂಚಿನವರೂ ಚಪ್ಪಾಳೆ ತಟ್ಟಿದರು. ಇಂಟರ್ನಲ್ಸಿನಲ್ಲಿ ಎರಡು ಪೇಪರು ಹೋಗಿರುವವಳಿಗೆ ಅದು ಎಷ್ಟು ದೊಡ್ಡದು ಎಂದು ನಿನಗೆ ಗೊತ್ತಾಗುವುದಿಲ್ಲ. ಪೇಪರು ಹೋಗಿರುವುದನ್ನು ಅಮ್ಮನಿಗೆ ಹೇಳಬೇಡ.

ಆದರೆ ಇಷ್ಟಕ್ಕೇ ನಿಲ್ಲಿಸಬೇಡ. ತೇಲುವ ಬೇಲಿ ಹಿಡಿಯುವುದು ಮೇಲಿನ ಕೊಳೆಯನ್ನು ಮಾತ್ರ. ನೀರೊಳಗೆ ಹೋಗುವ ಲೋಳೆ, ರಾಡಿ ಅದರ ಕಾಲಡಿಯಲ್ಲೇ ನುಸುಳುತ್ತದೆ. ಮುಳುಗುವ ಪರದೆ ಬೇಕೇ ಬೇಕು. ಗಟ್ಟಿ ಟಾರ್ಪಾಲು ತಗೋ, ಹಳೆಯದಲ್ಲ. ಕೆಳ ಅಂಚಿನುದ್ದಕ್ಕೂ ಗೋಣಿಚೀಲದಲ್ಲಿ ಮರಳು ತುಂಬಿಸಿ ಹೊಲಿಸು, ಅದು ತಳಕ್ಕೆ ಕಚ್ಚಿ ಕೂರಬೇಕು. ಎಡದಡದಲ್ಲಿ ಮೊಳದಷ್ಟು ಬಾಯಿ ಬಿಡು, ನೀರು ಸುತ್ತಿ ನಿಧಾನವಾಗಿ ದಾಟಲಿ. ಆಳ ಎಷ್ಟಿದೆ ಎಂದು ಬಿದಿರು ಚುಚ್ಚಿ ನೋಡಿಕೊಂಡು ಕತ್ತರಿಸು.

ಹುಚ್ಚಮ್ಮನ ಕೈ ಹೇಗಿದೆ? ಆಳುಗಳಿಗೆ ಟ್ರಾಕ್ಟರಿನಲ್ಲಿ ನೀರು ಹೋಗುತ್ತಿದೆ ತಾನೆ? ನೀನು ಬರೆಯಲಿಲ್ಲ, ಅದಕ್ಕೇ ಕೇಳಿದೆ. ಒಂದು ಫೋಟೋ ತೆಗೆಸಿ ಕಳಿಸು, ಸರ್‌ಗೆ ತೋರಿಸಬೇಕು.

ಕವನಾ

*

ಜಾವಳಿ
9 ಜನವರಿ 1999

ಕವನಾ,

ಪರದೆ ಇಳಿಬಿಟ್ಟಾಯಿತು. ಬರೀ ಆಳುಗಳಿಂದ ಆಗುವ ಕೆಲಸವಲ್ಲ ಎಂದು ನಾನೂ ಇಳಿದೆ. ಎದೆಮಟ್ಟದ ನೀರು, ತಳದಲ್ಲಿ ಮೊಣಕಾಲವರೆಗೆ ಕರೀ ಕೆಸರು. ಕಾಲು ಎತ್ತಿದಾಗೆಲ್ಲ ಗುಳುಗುಳು ಗುಳ್ಳೆ ಬಂದು ಮೂಗಿನ ಹತ್ತಿರವೇ ಒಡೆಯುತ್ತದೆ. ಕೊಳೆತ ಮೊಟ್ಟೆ. ರೇವಣ್ಣ "ಬಾಯ್ ಮುಚ್ಕಳಿ ಗೌಡ್ರೇ, ಬಾಯ್ ಮುಚ್ಕಳಿ" ಎಂದು ಹೇಳಲು ಹೋಗಿ ತಾನೇ ಒಂದು ಗುಟುಕು ಕುಡಿದ. ಮಧ್ಯಾಹ್ನದವರೆಗೂ ಉಗಿಯುತ್ತಲೇ ಇದ್ದ. ನಾನು ಎರಡು ದಿನ ಮೈ ಕೆರೆದುಕೊಂಡೆ. ಅಮ್ಮ ನನ್ನ ತಟ್ಟೆಯನ್ನು ಜಗುಲಿಯಲ್ಲೇ ಇಟ್ಟರು, ಒಳಗೆ ಬರಬೇಡ ಅಂತ.

ಮರಳು ಸಿಗಲಿಲ್ಲ. ಈ ಸುಗ್ಗಿಯಲ್ಲಿ ಲಾರಿಯವರು ಯಾರೂ ನಮ್ಮ ದಾರಿಗೆ ಬರುವುದಿಲ್ಲ, ಎಲ್ಲ ಕಾಫಿಮೂಟೆಯ ಹಿಂದೆ. ಅದಕ್ಕೇ ಒಂದು ಉಪಾಯ ಮಾಡಿದೆ. ಪಲ್ಪ್ ಹೌಸಿನ ಹಿಂದೆ ಹಸೀ ಸಿಪ್ಪೆ ಗುಡ್ಡ ಬಿದ್ದಿದೆಯಲ್ಲ, ಅದನ್ನೇ ತುಳಿದು ತುಳಿದು ಚೀಲಕ್ಕೆ ತುಂಬಿಸಿದೆ, ಮಧ್ಯೆ ನಾಲ್ಕು ನಾಲ್ಕು ಕಲ್ಲು. ಒಂದು ಚೀಲ ಎತ್ತಲು ಇಬ್ಬರು ಬೇಕು. ಸುಮ್ಮನೆ ಹೋಗಿ ತಳಕ್ಕೆ ಕೂತವು. ನಿಮ್ಮ ಬಂದರಿನವರಿಗೆ ಇದು ಹೊಳೆಯುತ್ತಿತ್ತಾ ಹೇಳು!

ಮೊನ್ನೆ ಆಫೀಸರ್ ಬಂದರು. ಕರ್ಚೀಫು ಜೇಬಿನಲ್ಲೇ ಇತ್ತು. ಪರದೆಯ ಈಚೆಯ ನೀರನ್ನು ಬಾಟ್ಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿದರೆ ತಿಳಿಯಾಗಿತ್ತು. ನಿನ್ನ ಡ್ರಾಯಿಂಗ್ ತೋರಿಸಿದೆ. "ಇದು ಇಂಜಿನಿಯರಿಂಗ್ ಕಾಲೇಜಿನ ಡಿಸೈನಾ?" ಎಂದರು. ಮೂಲೆಯಲ್ಲಿ ನೀನೇ ಕಾಲೇಜಿನ ಹೆಸರು ಬರೆದಿದ್ದೆಯಲ್ಲ, ಹೌದು ಎಂದೆ. ಫೈಲಿಗೆ ಹಾಕಿಕೊಂಡು ಹೋದರು. ಬೀಗದ ಮಾತಿಲ್ಲ.

ಇನ್ನೊಂದು. ಟ್ರಾಕ್ಟರ್ ಬಿಡುವಾಯಿತು. ಬೆಳಿಗ್ಗೆ ಎರಡು ಗಂಟೆ ನೀರು ಹೊರುವುದಕ್ಕೇ ಹೋಗುತ್ತಿತ್ತು, ಈಗ ಮೇಲಿನ ತೋಟದ ಹಣ್ಣು ಬೇಗ ಇಳಿಸಬಹುದು. ನಿನ್ನೆಯಿಂದ ಲೈನಿನವರು ಗುಂಡಿಯ ನೀರನ್ನೇ ತುಂಬಿಕೊಳ್ಳಲಿ ಎಂದಿದ್ದೇನೆ. ಹುಚ್ಚಮ್ಮ ಮೊದಲು ಕೊಡ ಎತ್ತಲಿಲ್ಲ. ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಿಂತಳು. "ಈ ನೀರ್ ಕುಡೀಬೌದು ಅಂತ ಸಣ್ಣಮ್ಮ ಹೇಳುದ್ರಾ?" ಎಂದು ಕೇಳಿದಳು. ಹೌದು, ಅವಳೇ ಮಾಡಿಸಿದ್ದು, ಎಂದೆ. "ಹಂಗಾರೆ ಸೈ" ಎಂದು ತುಂಬಿಸಿಕೊಂಡಳು. ಅವಳನ್ನು ನೋಡಿ ಉಳಿದವರೂ ತುಂಬಿಸಿಕೊಂಡರು. ನೋಡು, ನನ್ನ ಮಾತಿಗಿಂತ ನಿನ್ನ ಮಾತಿಗೇ ಬೆಲೆ.

ಫೋಟೋ ಸಂಕ್ರಾಂತಿ ಆದ ಮೇಲೆ.

ಅಶ್ವಿನ್

*

ಹಾಸ್ಟೆಲ್, ಮಂಗಳೂರು
18 ಜನವರಿ 1999

ಅಣ್ಣ,

ಕಾಗದ ಸಿಕ್ಕಿತು. ಪರದೆ ನಿಂತದ್ದು ಸಂತೋಷ. ಪರೀಕ್ಷೆ ಹತ್ತಿರವಾಗಿದೆ, ಜಾಸ್ತಿ ಬರೆಯಲು ಆಗುತ್ತಿಲ್ಲ.

ಕುಡಿಯುವ ನೀರನ್ನು ಕುದಿಸಿಕೊಳ್ಳಲು ಹೇಳು. ಲೈನಿನಲ್ಲಿ ಎಲ್ಲರಿಗೂ. ಟ್ರಾಕ್ಟರನ್ನು ಇನ್ನು ಸ್ವಲ್ಪ ದಿನ ಕಳಿಸಿದ್ದರೂ ಆಗುತ್ತಿತ್ತೇನೋ, ನಿನಗೆ ಹೇಗೆ ಅನುಕೂಲವೋ ಹಾಗೆ. ಚೀಲದಲ್ಲಿ ಸಿಪ್ಪೆ ಅಂದೆಯಲ್ಲ. ಇರಲಿ, ಆಮೇಲೆ ಬರೆಯುತ್ತೇನೆ.

ಹುಚ್ಚಮ್ಮನಿಗೆ ನಾನು ಕೇಳಿದೆ ಎಂದು ಹೇಳು.

ಕವನಾ

*

ಜಾವಳಿ
4 ಫೆಬ್ರವರಿ 1999

ಕವನಾ,

ಎರಡು ಸಲ ಬರೆಯಲು ಕೂತು ಎದ್ದೆ. ನೀನು ಫೋನ್ ಮಾಡಿದ್ದೆ ಎಂದು ಅಮ್ಮ ಹೇಳಿದರು. ನಾನು ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ.

ಚೀಲಗಳು ಮೇಲೆ ಬಂದವು. ಇಪ್ಪತ್ತೆಂಟನೇ ತಾರೀಖು ಬೆಳಿಗ್ಗೆ ರೇವಣ್ಣ ಬಂದು, "ಗೌಡ್ರೇ, ಗುಂಡೀಲಿ ಏನೋ ಸತ್ತು ಊದ್ಕಂಡ್ ತೇಲ್ತಾ ಅದೆ" ಎಂದ. ದನವೇ ಬಿದ್ದಿರಬೇಕು ಎಂದು ಓಡಿದೆ. ಸಿಪ್ಪೆ ಒಳಗೇ ಹುಳಿತು ಗಾಳಿ ತುಂಬಿ ಒಂದೊಂದು ಚೀಲವೂ ಹಂದಿಯ ಹೊಟ್ಟೆಯ ಹಾಗೆ ಉಬ್ಬಿ ನೀರಿನ ಮೇಲೆ ಮಲಗಿತ್ತು. ಟಾರ್ಪಾಲಿನ ಅಂಚನ್ನೂ ಎತ್ತಿಕೊಂಡೇ ಬಂದಿದ್ದವು. ಮೂರು ವಾರದಿಂದ ಪರದೆಯ ಹಿಂದೆ ಕೂತಿದ್ದ ರಾಡಿಯೆಲ್ಲ ಒಂದೇ ಸಲಕ್ಕೆ ಕೆಳಗೆ ಹೋಗಿದೆ. ರೇವಣ್ಣ ಕತ್ತಿಯಲ್ಲಿ ಒಂದು ಚೀಲ ಚುಚ್ಚಿದ. ಬುಸ್ ಎಂದು ಮುಖಕ್ಕೆ ಹಾರಿತು. ಅದನ್ನು ಬರೆಯಲಾರೆ. ಇಬ್ಬರೂ ದಡದಲ್ಲೇ ಕಾರಿಕೊಂಡೆವು. ಚೀಲದೊಳಗೆ ಬಿಳೀ ಹುಳು ಗಿಜಿಗುಡುತ್ತಿದ್ದವು.

ಲೈನಿನಲ್ಲಿ ಒಂಬತ್ತು ಜನಕ್ಕೆ ವಾಂತಿ ಭೇದಿ. ಎಂಟು ಜನ ಎದ್ದು ಓಡಾಡುತ್ತಿದ್ದಾರೆ. ಹುಚ್ಚಮ್ಮ ಮಾತ್ರ ಮೂಡಿಗೆರೆ ಆಸ್ಪತ್ರೆಯಲ್ಲಿ, ಡ್ರಿಪ್ ಹಾಕಿದ್ದಾರೆ. ಪ್ರಾಣಕ್ಕೇನಿಲ್ಲ ಎಂದರು ಡಾಕ್ಟರು. ಕಣ್ಣು ಒಳಗೆ ಹೋಗಿದೆ. ನಾನೇ ಜೀಪಿನಲ್ಲಿ ಮಲಗಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಸೀಟು ಹಾಳಾಯಿತಲ್ಲ ಗೌಡ್ರೇ, ಸೀಟು ಹಾಳಾಯಿತಲ್ಲ ಎನ್ನುತ್ತಿದ್ದಳು.

ಈಗ ಗಮನವಿಟ್ಟು ಓದು. ಕೆಳಗಿನವರು ಮತ್ತೆ ಅರ್ಜಿ ಕೊಟ್ಟಿದ್ದಾರೆ. ಫೈಲಿನಲ್ಲಿ ನಿನ್ನ ಡ್ರಾಯಿಂಗ್ ಇದೆ, ನಿನ್ನ ಕಾಲೇಜಿನ ಹೆಸರಿದೆ. ನೀನು ಒಂದು ಪುಟ ಬರೆದು ಕಳಿಸು. ಮರಳು ತುಂಬಬೇಕೆಂದು ಹೇಳಿದ್ದೆ, ಮೇಸ್ತ್ರಿ ರೇವಣ್ಣ ಯಾರನ್ನೂ ಕೇಳದೆ ಸಿಪ್ಪೆ ತುಂಬಿಸಿದ, ಎಂದು. ಅವನು ಏನೂ ಅಂದುಕೊಳ್ಳುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ. ನಿನಗೂ ತೊಂದರೆಯಿಲ್ಲ, ನನಗೂ ಇಲ್ಲ.

ಟ್ರಾಕ್ಟರಿನಲ್ಲಿ ನೀರು ಮತ್ತೆ ಶುರುಮಾಡಿದ್ದೀಯಾ ಎಂದು ಕೇಳುತ್ತೀಯ. ಇನ್ನೂ ಇಲ್ಲ. ಈಗ ಕಳಿಸಿದರೆ ಗುಂಡಿಯ ನೀರು ಕೆಟ್ಟಿದೆ ಎಂದು ನಾನೇ ಊರಿಗೆಲ್ಲ ಸಾರಿದ ಹಾಗೆ. ಹದಿನೈದನೇ ತಾರೀಖು ಆಫೀಸರ್ ಬಂದು ಹೋಗಲಿ. ಅಲ್ಲಿಯವರೆಗೆ ಕುದಿಸಿ ಕುಡಿಯಲು ಹೇಳಿದ್ದೇನೆ, ನೀನು ಹೇಳಿದ ಹಾಗೇ.

ಅಶ್ವಿನ್

*

ಹಾಸ್ಟೆಲ್, ಮಂಗಳೂರು
9 ಫೆಬ್ರವರಿ 1999

ಅಣ್ಣ,

ನಿನ್ನ ಕಾಗದ ನಿನ್ನೆ ಬಂತು. ಓದಿ ಬಾತ್‌ರೂಮಿಗೆ ಓಡಿದೆ. ಹುಳುವಿನಿಂದಲ್ಲ. "ನೀನು ಹೇಳಿದ ಹಾಗೇ" ಎಂದು ಬರೆದೆಯಲ್ಲ, ಅದರಿಂದ.

ನೀನು ಕೇಳಿದ ಪುಟವನ್ನು ಬರೆಯುವುದಿಲ್ಲ. ರೇವಣ್ಣನ ಹೆಸರನ್ನು ಅಷ್ಟು ಸುಲಭವಾಗಿ ಬರೆದೆಯಲ್ಲ, ಅದನ್ನು ಓದಿದಾಗ ನಿನ್ನ ಅಕ್ಷರವನ್ನು ಮುಟ್ಟಲೂ ಅಸಹ್ಯವಾಯಿತು. ನಿನ್ನ ಜೊತೆ ಆ ನೀರಿಗೆ ಇಳಿದು ಒಂದು ಗುಟುಕು ಕುಡಿದವನು ಅವನು. ಅವನು ಏನೂ ಅಂದುಕೊಳ್ಳುವುದಿಲ್ಲ ಎನ್ನುತ್ತೀಯ. ಅಂದುಕೊಂಡರೂ ನಿನ್ನೆದುರು ಹೇಳುವ ಹಾಗಿಲ್ಲವಲ್ಲ.

ಆದರೆ ನಿನ್ನನ್ನು ಬೈದು ಕೈತೊಳೆದುಕೊಳ್ಳಲು ನನಗೂ ಆಗುವುದಿಲ್ಲ. ಬಂದರಿನಲ್ಲಿ ಷಡಕ್ಷರಿ ಸರ್ ಇನ್ನೂ ಸುಮಾರು ಹೇಳಿದರು ಎಂದು ಬರೆದಿದ್ದೆ. ಏನು ಹೇಳಿದ್ದರು ಗೊತ್ತಾ? ಈ ಬೇಲಿ ಪರದೆಗಳು ತೇಲುವುದನ್ನು, ತಳಕ್ಕೆ ಕೂರುವುದನ್ನು ತಡೆಯುತ್ತವೆ. ನೀರಿನಲ್ಲಿ ಕರಗಿದ್ದನ್ನು ತಡೆಯುವುದಿಲ್ಲ. ಹರಿಯುವ ನೀರಿನಲ್ಲಂತೂ ಬರೀ ನಿಧಾನ ಮಾಡುತ್ತವೆ. ತಿಳಿಯಾಗಿ ಕಾಣುತ್ತದೆ, ಕುಡಿಯುವ ಹಾಗೆ ಆಗುವುದಿಲ್ಲ. ನಾನು ಇದನ್ನು ನೋಟ್ಸಿನಲ್ಲಿ ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದಿದ್ದೆ. ನಿನಗೆ ಬರೆಯಲಿಲ್ಲ. ಪೂರ್ತಿ ಕೆಲಸ ಮಾಡದ ವಸ್ತು ಎಂದು ಗೊತ್ತಾದರೆ ನೀನು ನಕ್ಕು ಬಿಸಾಡುತ್ತೀಯ, ಏನೂ ಮಾಡುವುದಿಲ್ಲ ಎಂದು ಹೆದರಿದೆ. ಕಾಲೇಜಿನ ಹೆಸರು ಬರೆದದ್ದೂ ನೀನು ನಂಬಲಿ ಎಂದೇ. ನೀನು ನಂಬಿದೆ. ಹುಚ್ಚಮ್ಮ ನಂಬಿದಳು.

ಸಿಪ್ಪೆಯ ವಿಷಯವೂ ಅಷ್ಟೇ. ಜನವರಿಯ ನಿನ್ನ ಕಾಗದ ಓದಿದಾಗಲೇ ಇದು ನಿಲ್ಲುವುದಿಲ್ಲ ಎಂದು ಗೊತ್ತಾಯಿತು. ಗೊಬ್ಬರದ ಗುಂಡಿಯಲ್ಲಿ ಸಿಪ್ಪೆ ಹೇಗೆ ಹೊಗೆಯಾಡುತ್ತದೆ ಎಂದು ಹುಟ್ಟಿದಾಗಿನಿಂದ ನೋಡಿದವಳು ನಾನು. ಅದು ನೀರಿನಲ್ಲಿ ಸುಮ್ಮನೆ ಕೂರುತ್ತದಾ? ಆದರೆ ಅದಾಗಲೇ ಕ್ಲಾಸಿನಲ್ಲಿ ಚಪ್ಪಾಳೆ ತಟ್ಟಿಸಿಕೊಂಡಿದ್ದೆ. ಸರ್ ಕಾರಿಡಾರಿನಲ್ಲಿ ಸಿಕ್ಕಾಗೆಲ್ಲ "ಫೋಟೋ ಬಂತಾ?" ಎನ್ನುತ್ತಿದ್ದರು. ಅದಕ್ಕೇ "ಇರಲಿ" ಎಂದು ಬರೆದೆ. ಕುದಿಸಿ ಎಂದು ಬರೆದೆ. ಕುದಿಸಿದರೆ ಕ್ರಿಮಿ ಸಾಯಬಹುದು. ಆ ಹುಳಿ, ಆ ಕೊಳೆ ಎಲ್ಲಿಗೆ ಹೋಗುತ್ತದೆ? ಸಂಜೆ ಆರರವರೆಗೆ ಹಣ್ಣು ಕುಯ್ದು ಬರುವವರಿಗೆ ಕೊಡಗಟ್ಟಲೆ ನೀರು ಕುದಿಸಲು ಸೌದೆ ಎಲ್ಲಿದೆ, ಹೊತ್ತೆಲ್ಲಿದೆ? ನನಗೆ ಗೊತ್ತಿತ್ತು. ನನ್ನ ಪರದೆ ತಪ್ಪು ಎಂದು ಬರೆಯುವ ಬದಲು ಕುದಿಸಿ ಎಂದು ಬರೆದೆ. ನಾನು ಬರೆದ ಸಾಲುಗಳಲ್ಲೆಲ್ಲ ನನಗೆ ತೀರ ಹೇಸಿಗೆ ಬರಿಸುವುದು ಅದೇ.

ನಿನ್ನೆ ಸಂಜೆ ಸರ್ ಹತ್ತಿರ ಹೋದೆ. ಎಲ್ಲ ಹೇಳುವಷ್ಟರಲ್ಲಿ ಅಳು ಬಂತು.

"ಡ್ರಾಯಿಂಗ್ ಮೇಲೆ ಕಾಲೇಜಿನ ಹೆಸರು ಯಾರು ಬರೆದದ್ದು?" ಎಂದರು.

"ನಾನೇ ಸರ್."

"ಆ ಜನ ಈಗ ಎಲ್ಲಿಯ ನೀರು ಕುಡಿಯುತ್ತಿದ್ದಾರೆ?"

"ಅದೇ ಗುಂಡಿಯದು ಸರ್."

ಅವರು ಎದ್ದು ನಿಂತೇಬಿಟ್ಟರು. "ಮತ್ತೆ ಇಲ್ಲಿ ಕೂತು ಯಾಕಮ್ಮ ಅಳುತ್ತಿದ್ದೀಯ? ಮೊದಲು ಅವರಿಗೆ ನೀರು. ನಿನ್ನ ಅಳು, ನನ್ನ ಬೈಗುಳ, ಪ್ರಿನ್ಸಿಪಾಲರ ಎನ್‌ಕ್ವೈರಿ, ಎಲ್ಲ ಆಮೇಲೆ."

ವಾರ್ಡನ್ ಎದುರಿಗೇ ಫೋನ್ ಮಾಡಿದೆ. ಅಮ್ಮ ಎತ್ತಿದರು. ಅಣ್ಣ ತೋಟದಲ್ಲಿದ್ದಾನೆ ಎಂದರು. ಅರ್ಧ ಗಂಟೆ ಬಿಟ್ಟು ಮಾಡಿದೆ, ಈಗ ತಾನೇ ಹೊರಗೆ ಹೋದ ಎಂದರು. ಮೂರನೇ ಸಲ ಹಿಂದಿನಿಂದ ನಿನ್ನ ಕೆಮ್ಮು ಕೇಳಿಸಿತು. ಅಮ್ಮ "ಊಟ ಆಯ್ತೇನೇ?" ಎಂದರು. ಅವರಿಗೆ ನೀರಿನ ವಿಷಯ ಹೇಳಿದೆ. "ಅವ್ನು ಏನೋ ನೋಡ್ಕತಾನೆ, ನೀನು ಓದ್ಕೋ" ಎಂದು ಇಟ್ಟರು. ವಾರ್ಡನ್ ಈ ಸಲ ಪೇಪರ್ ಓದುವ ಹಾಗೆ ಮಾಡಲಿಲ್ಲ. ಒಂದು ಲೋಟ ನೀರು ಕೊಟ್ಟರು. ಕುಡಿಯಲು ಆಗಲಿಲ್ಲ.

ಹಾಗಾಗಿ ಇವತ್ತು ಮೂರು ಕಾಗದ ಹಾಕುತ್ತಿದ್ದೇನೆ, ಮೂರೂ ಸ್ಪೀಡ್‌ಪೋಸ್ಟಿನಲ್ಲಿ. ಒಂದು ಆಫೀಸರಿಗೆ. ಆ ಡ್ರಾಯಿಂಗ್ ಕಾಲೇಜಿನದ್ದಲ್ಲ, ಮೊದಲ ವರ್ಷದ ವಿದ್ಯಾರ್ಥಿನಿಯದ್ದು, ಅದರಿಂದ ನೀರು ಕುಡಿಯಲು ಯೋಗ್ಯವಾಗುವುದಿಲ್ಲವೆಂದು ಆಕೆಗೆ ಮೊದಲೇ ತಿಳಿದಿತ್ತು, ಎಂದು ಬರೆದು ಸಹಿ ಮಾಡಿದ್ದೇನೆ. ಸಿಪ್ಪೆಯನ್ನು ಯಾರು ತುಂಬಿಸಿದರೆಂದು ಅದರಲ್ಲಿ ಇಲ್ಲ. ಅದನ್ನು ನೀನೇ ಹೇಳಬೇಕು. ಹೇಳದಿದ್ದರೆ, ರೇವಣ್ಣನ ಹೆಸರು ಬಂದ ದಿನ ನಿನ್ನ ಜನವರಿಯ ಕಾಗದ ನನ್ನ ಹತ್ತಿರ ಇದೆ ಎಂಬುದು ನೆನಪಿರಲಿ. ಹೀಗೆ ಬರೆಯಲು ನನಗೆ ಖುಷಿಯಾಗುತ್ತಿಲ್ಲ.

ಎರಡನೆಯದು ರೇವಣ್ಣನಿಗೆ. ಅವನು ಕೂಡಿಸಿ ಕೂಡಿಸಿ ಓದುತ್ತಾನೆಂದು ದೊಡ್ಡಕ್ಷರದಲ್ಲಿ ಬರೆದಿದ್ದೇನೆ. "ಗುಂಡಿಯ ನೀರು ಯಾರೂ ಕುಡಿಯಬೇಡಿ. ಕುದಿಸಿಯೂ ಬೇಡ. ಪಾತ್ರೆಗೂ ಬೇಡ. ಕುಡಿಯಬಹುದು ಎಂದು ಕವನಾ ಹೇಳಿದ್ದು ಸುಳ್ಳು. ಲೈನಿನಲ್ಲಿ ಎಲ್ಲರಿಗೂ ಓದಿ ಹೇಳು." ಇಷ್ಟೇ. ಲೈನಿನವರು ನಿನ್ನನ್ನು ಕೇಳಲು ಬಂದರೆ ಅವರ ಮೇಲೆ ರೇಗಬೇಡ. ಮೂರನೆಯದು ನಿನ್ನ ಕೈಯಲ್ಲಿ ಇದೆ.

ಇನ್ನು ನೀನು ಮಾಡಬೇಕಾದ್ದು. ಪಲ್ಪರ್ ನಿಲ್ಲಿಸು. ಆಫೀಸರ್ ಬೀಗ ಹಾಕುವವರೆಗೆ ಕಾಯಬೇಡ. ಉಳಿದಿರುವ ಹಣ್ಣನ್ನು ಸುಲಿಯದೆ ಹಾಗೇ ಕಣಕ್ಕೆ ಹರಡಿ, ಸಿಪ್ಪೆ ಸಮೇತ ಒಣಗಿಸಿ ಚೆರಿ ಮಾಡು. ಅಪ್ಪ ನೀರು ಕಡಿಮೆಯಾದ ವರ್ಷ ಪೂರ್ತಿ ಚೆರಿಯನ್ನೇ ಮಾಡಿರಲಿಲ್ಲವೇ? ರೇಟು ಕಡಿಮೆ, ಗೊತ್ತು. ಕಣ ಸಾಲದು ಎನ್ನುತ್ತೀಯ, ಅದೂ ಗೊತ್ತು. ಅಂಗಳದಲ್ಲಿ ಹರಡು, ಮನೆಯ ಎದುರಿನ ರಸ್ತೆಯಲ್ಲಿ ಹರಡು. ಪರದೆಯನ್ನೂ ಚೀಲಗಳನ್ನೂ ಎತ್ತಿ ನೀರಿನಿಂದ ದೂರ ಮಣ್ಣಿನಲ್ಲಿ ಹೂಳಿಸು. ಆ ಕೆಲಸಕ್ಕೆ ಇಳಿಯುವವರ ಕೈಕಾಲಿಗೆ ಗಮ್‌ಬೂಟು, ಗ್ಲೌಸು ಕೊಡು. ಔಷಧಿ ಹೊಡೆಯುವಾಗ ಹಾಕಿಕೊಳ್ಳಲೆಂದು ತಂದದ್ದು ಸ್ಟೋರಿನಲ್ಲಿ ಹಾಗೇ ಇದೆ.

ಇವೆಲ್ಲದಕ್ಕಿಂತ ಮೊದಲು ನೀರು. ಟ್ರಾಕ್ಟರ್ ಕಳಿಸಿದರೆ ತಪ್ಪೊಪ್ಪಿಕೊಂಡ ಹಾಗಾಗುತ್ತದೆ ಎಂದು ಬರೆದಿದ್ದೀಯ. ಒಪ್ಪಿಕೊಂಡ ಹಾಗೆ ಆಗಲಿ ಅಣ್ಣ. ನೀನು ಈ ಸಾಲು ಓದುವಾಗ ಲೈನಿನಲ್ಲಿ ಯಾರೋ ಕೊಡ ಹಿಡಿದು ಆ ಗುಂಡಿಗೆ ಇಳಿಯುತ್ತಿರಬಹುದು. ಹುಚ್ಚಮ್ಮನನ್ನು ಆಸ್ಪತ್ರೆಯಿಂದ ವಾಪಸು ಕರೆತಂದರೂ ಅವಳು ಕುಡಿಯಬೇಕಾದ್ದು ಅದನ್ನೇ.

ಪರೀಕ್ಷೆ ಶುಕ್ರವಾರ ಮುಗಿಯುತ್ತದೆ. ನಿನ್ನಿಂದ ಉತ್ತರ ಬರದಿದ್ದರೆ ಶನಿವಾರ ಮೊದಲನೇ ಬಸ್ಸಿಗೆ ಬರುತ್ತೇನೆ, ಮನೆಗಲ್ಲ, ಲೈನಿಗೆ.

ಉದ್ದ ಬರೆಯಬೇಡ. ಕಾರಣ ಹೇಳಬೇಡ, ನನ್ನದನ್ನು ಕೇಳಲೂ ಬೇಡ. ನೀನು ಇದನ್ನು ಓದಿದ ದಿನ ಟ್ರಾಕ್ಟರ್ ಲೈನಿಗೆ ನೀರು ತೆಗೆದುಕೊಂಡು ಹೋಯಿತೇ, ಇಲ್ಲವೇ, ಅಷ್ಟು ಮಾತ್ರ ಬರೆ. ದಯವಿಟ್ಟು ಬೇಗ ಬರೆ.

ಕವನಾ